ಭಯವೂ ಗೌರವವೂ: ಬುಕ್ಕರಾಯನ ಶಾಸನದ ಪಾಠ

ಭಯದಿಂದ ಬಾಗಿದ ತಲೆಯೂ ಗೌರವದಿಂದ ಬಾಗಿದ ತಲೆಯೂ ನೋಡುವವರ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ನಮ್ಮ ಆಚಾರ್ಯರಾದರೋ ಇವೆರಡನ್ನೂ ಬೇರೆ ಬೇರೆ ಸ್ಥಾನಗಳಲ್ಲಿ ಇರಿಸಿದ್ದಾರೆ. ಭಯವು ಮೋಹನೀಯ ಕರ್ಮದ ಫಲವಾದ ಒಂಬತ್ತು ನೋಕಷಾಯಗಳಲ್ಲೊಂದು. ವಿನಯವು ಆರು ಅಂತರಂಗ ತಪಸ್ಸುಗಳಲ್ಲೊಂದು. ಮೊದಲನೆಯದು ಬಂಧಕ್ಕೂ ಎರಡನೆಯದು ನಿರ್ಜರೆಗೂ ಕಾರಣ. ಈ ಭೇದವು ಸಮಾಜದ ವ್ಯವಹಾರದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಶಾಸನದಿಂದ ತಿಳಿಯಬಹುದು.

ಆಗ ವಿಜಯನಗರವನ್ನು ಆಳುತ್ತಿದ್ದವನು ಒಂದನೆಯ ಬುಕ್ಕರಾಯ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಭವ್ಯಜನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿದರು. ಬಲಿಷ್ಠನಾದ ಅರಸನು ದಂಡನೆಯಿಂದಲೇ ಇದನ್ನು ಮುಗಿಸಬಹುದಿತ್ತು. ಭಯವು ಕೆಲಕಾಲ ಬಾಯಿ ಮುಚ್ಚಿಸುತ್ತಿತ್ತು. ದ್ವೇಷವು ಮಾತ್ರ ಒಳಗೇ ಹೊಗೆಯಾಡುತ್ತಿತ್ತು.

ಬುಕ್ಕರಾಯನು ಹಿಡಿದ ಮಾರ್ಗ ಬೇರೆ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದ ಹದಿನೆಂಟು ನಾಡಿನ ಶ್ರೀವೈಷ್ಣವರ ಸಮ್ಮುಖದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಒಪ್ಪಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದನು. ಜೈನರಿಗಾಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸಬೇಕಾಯಿತು.

ವ್ಯಾಪಾರಿಯಾದ ನನಗೆ ಇದರ ಮುಂದಿನ ಏರ್ಪಾಡು ಇನ್ನೂ ಅರ್ಥಪೂರ್ಣವಾಗಿ ತೋರುತ್ತದೆ. ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣ ಜೈನರದು, ಅದನ್ನು ವಿನಿಯೋಗಿಸುವ ಕೈ ವೈಷ್ಣವರದು. ನಿನ್ನೆಯ ಪ್ರತಿಪಕ್ಷದವರಿಗೇ ಕಾವಲಿನ ಹೊಣೆ! ಹೆದರಿದವನ ಕೈಗೆ ಯಾರೂ ತಮ್ಮ ಗಂಟನ್ನು ಕೊಡಲಾರರು. ನಂಬಿಕೆ ಇರುವಲ್ಲಿ ಮಾತ್ರ ಅದು ಸಾಧ್ಯ. ಹೊಣೆಯನ್ನು ಒಪ್ಪಿಸುವುದೂ ಗೌರವದ ಒಂದು ರೂಪವೇ.

ಶಾಸನದಲ್ಲಿ ಭಯದ ಮಾತೇ ಇಲ್ಲವೆಂದು ಹೇಳಲಾಗದು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಸಮುದಾಯಗಳಿಗೆ ದ್ರೋಹಿ ಎಂದು ಅದರಲ್ಲಿ ಸಾರಿದೆ. ಆದರೆ ಆ ಭಯವು ಹೊಲದ ಸುತ್ತಣ ಬೇಲಿಯಂತೆ. ಬೇಲಿಯು ಬೆಳೆಯನ್ನು ಕಾಯಬಲ್ಲದು, ಬೆಳೆಯಲಾರದು. ಮುಂದೆ ಕಲ್ಲೇಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಯಿಸಿ ಈ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಆಗ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕೊಟ್ಟರು. ಅಂಜಿಕೆಯಿಂದ ಇಂಥ ಪದವಿ ಹುಟ್ಟುವುದಿಲ್ಲ.

ಇದು ನಮ್ಮ ಮನೆಗಳಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ಅನ್ವಯಿಸುವ ವಿಚಾರ. ತಂದೆಯ ಗದರಿಕೆಗೆ ಹೆದರಿ ದೇವದರ್ಶನಕ್ಕೆ ಬರುವ ಮಗನು ಪರಊರಿಗೆ ಹೋದ ಮೇಲೆ ಬಸದಿಯ ದಾರಿಯನ್ನೇ ಮರೆಯಬಹುದು. ಲೆಕ್ಕ ಕೇಳಲು ಸದಸ್ಯರು ಅಂಜುವ ಸಭೆಯ ಮೌನವನ್ನು ಧರ್ಮದರ್ಶಿಗಳು ಗೌರವವೆಂದು ಭ್ರಮಿಸಬಾರದು. ಲೆಕ್ಕದ ಪುಸ್ತಕವನ್ನು ಕೇಳುವ ಮೊದಲೇ ತೆರೆದಿಟ್ಟು, ಕಿರಿಯರಿಗೂ ಹೊಣೆಯನ್ನು ಒಪ್ಪಿಸಿದರೆ ಗೌರವವು ತಾನಾಗಿಯೇ ಬರುತ್ತದೆ. ಚತುರ್ವಿಧ ದಾನಗಳಲ್ಲಿ ಅಭಯದಾನವೂ ಸೇರಿದೆಯಷ್ಟೆ. ಪ್ರಾಣಿಗಳಿಗೆ ಅಭಯವನ್ನು ಕೋರುವ ನಾವು ನಮ್ಮ ಜೊತೆಯವರಿಗೂ ಅದನ್ನು ಕೊಡುವುದು ಉಚಿತವಲ್ಲವೇ?