ಹಗ್ಗ ಹಿಡಿದವರು

ಗ್ರೂಪಿನಲ್ಲಿ ಯಾರೋ "ಅಪ್ಪನಿಗೆ ನಾಳೆ ಆಪರೇಷನ್, ಪ್ರಾರ್ಥಿಸಿ" ಅಂತ ಹಾಕಿರುತ್ತಾರೆ. ಮೀಟಿಂಗ್ ಮಧ್ಯೆ ಕೈಮುಗಿದ ಇಮೋಜಿ ಒತ್ತಿ ನಾವು ಮುಂದೆ ಹೋಗುತ್ತೇವೆ. ಆಮೇಲೆ ನಿಜವಾಗಿಯೂ ಪ್ರಾರ್ಥಿಸಿದೆವಾ? ಎಷ್ಟೋ ಸಲ ಇಲ್ಲ. ಹಾಗೆ ಅನ್ನಿಸಿದಾಗೆಲ್ಲ ನನಗೆ ವಿಲಿಯಂ ಕೇರಿಯವರ ಗೆಳೆಯರು ನೆನಪಾಗುತ್ತಾರೆ.

ಕೇರಿಯವರ ಹೆಸರು ಕೇಳಿರುತ್ತೀರಿ. ಇಂಗ್ಲೆಂಡಿನಲ್ಲಿ ಷೂ ಹೊಲಿಯುತ್ತಿದ್ದವರು ಬಂಗಾಳಕ್ಕೆ ಬಂದು, ಶ್ರೀರಾಂಪುರದಲ್ಲಿ ನೆಲೆಸಿ, ಬೈಬಲಿನ ಅನುವಾದಕ್ಕೆ ಬದುಕನ್ನೇ ಕೊಟ್ಟರು. 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ಆದರೆ ಕಥೆ ಶುರುವಾಗುವುದು ಅವರಿಂದಲ್ಲ.

1784ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಬ್ಯಾಪ್ಟಿಸ್ಟ್ ಸಭೆಗಳ ಕೂಟ ಸೇರಿತ್ತು. ಅಲ್ಲಿ ಜಾನ್ ಸಟ್‌ಕ್ಲಿಫ್ ಎಂಬ ಪಾದ್ರಿ ಒಂದು ಸಲಹೆ ಮುಂದಿಟ್ಟರು: ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಗಂಟೆ ಎಲ್ಲ ಸಭೆಗಳೂ ಪ್ರಾರ್ಥಿಸೋಣ. ನಮ್ಮ ಸಭೆಗಷ್ಟೇ ಅಲ್ಲ, ದೂರದ ನಾಡುಗಳಿಗೂ. ಎಂಟು ವರ್ಷ ಹೀಗೇ ನಡೆಯಿತು. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಊರಿನ ವಿಧವೆಯೊಬ್ಬರ ಮನೆಯಲ್ಲಿ ಇದೇ ಗೆಳೆಯರು ಸೇರಿ ಮಿಷನರಿ ಸಂಘ ಕಟ್ಟಿದರು. ಅವತ್ತು ಕೊಡುತ್ತೇವೆಂದು ಬರೆದುಕೊಟ್ಟ ಹಣ 13 ಪೌಂಡ್, 2 ಷಿಲಿಂಗ್, 6 ಪೆನ್ಸ್!

ಆ ದಿನಗಳನ್ನು ಆಂಡ್ರ್ಯೂ ಫುಲ್ಲರ್ ನೆನೆಯುತ್ತಿದ್ದುದು ಒಂದು ಗಣಿಯ ಹೋಲಿಕೆಯಲ್ಲಿ. ಆಳ ಯಾರಿಗೂ ಗೊತ್ತಿಲ್ಲ. ಕೇರಿ ಕೆಳಗಿಳಿಯಲು ಒಪ್ಪಿದರು, ಆದರೆ ಮೇಲಿದ್ದವರು ಹಗ್ಗ ಹಿಡಿದಿರಬೇಕು, ಬದುಕಿರುವವರೆಗೂ ಬಿಡಬಾರದು.

ಅವರು ಬಿಡಲಿಲ್ಲ. 1793ರಲ್ಲಿ ಕೇರಿ ಭಾರತಕ್ಕೆ ಬಂದರು. ಮರುವರ್ಷವೇ ಮಗ ಪೀಟರ್ ತೀರಿಕೊಂಡ. ಪತ್ನಿ ಡೊರೊತಿಯವರ ಮನಸ್ಸು ಕದಡಿಹೋಯಿತು. ಪತ್ರ ತಲುಪಲು ತಿಂಗಳುಗಟ್ಟಲೆ ಬೇಕು. ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್‌ನಲ್ಲಿ, ಅಂದರೆ ಏಳು ವರ್ಷ ಕಾದ ಮೇಲೆ. ಅತ್ತ ಫುಲ್ಲರ್ ಬರೀ ಮೊಣಕಾಲೂರಿ ಕೂರಲಿಲ್ಲ. ಹಣಕ್ಕಾಗಿ ಸ್ಕಾಟ್ಲೆಂಡಿಗೆ ಮತ್ತೆ ಮತ್ತೆ ಹೋದರು. ಮಿಷನರಿಗಳನ್ನು ಭಾರತದಿಂದ ಹೊರಗಟ್ಟಬೇಕು ಎಂಬ ಕೂಗೆದ್ದಾಗ 1808ರಲ್ಲಿ ಪುಸ್ತಕ ಬರೆದು ವಾದಿಸಿದರು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ಕೇರಿಯವರ ತಂಗಿ ಮೇರಿ, ವರ್ಷಾನುವರ್ಷ ಅಣ್ಣನಿಗಾಗಿ ಪ್ರಾರ್ಥಿಸುತ್ತಾ ಪತ್ರ ಬರೆಯುತ್ತಿದ್ದರು.

ಈ ಗೆಳೆತನದ ಬೆಲೆ ಗೊತ್ತಾದದ್ದು ಅದು ಇಲ್ಲವಾದಾಗ. 1814ರಲ್ಲಿ ಸಟ್‌ಕ್ಲಿಫ್, 1815ರಲ್ಲಿ ಫುಲ್ಲರ್ ತೀರಿಕೊಂಡರು. ಸಂಘ ಉಳಿಯಿತು, ಹಣವೂ ಬರುತ್ತಿತ್ತು. ಆದರೆ ಕಮಿಟಿಗೆ ಬಂದ ಹೊಸಬರಿಗೆ ಕೇರಿ ಒಂದು ಹೆಸರು ಮಾತ್ರ. ಆಸ್ತಿ ಯಾರದು, ಅಧಿಕಾರ ಯಾರದು ಅಂತ ಜಗಳ ಬೆಳೆದು, 1827ರಲ್ಲಿ ಶ್ರೀರಾಂಪುರ ಸಂಘದಿಂದಲೇ ಬೇರೆಯಾಯಿತು. ವ್ಯವಸ್ಥೆ ಲೆಕ್ಕ ಕೇಳುತ್ತದೆ, ಕೇಳಲೂಬೇಕು. ಆದರೆ ವರ್ಷಗಟ್ಟಲೆ ಒಬ್ಬನ ಹೆಸರು ಹಿಡಿದು ದೇವರ ಮುಂದೆ ಕೂತವರು ಲೆಕ್ಕ ಕೇಳುವ ರೀತಿಯೇ ಬೇರೆ ಇರುತ್ತದೆ.

ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಮೊದಲು ಬರುವುದಿಲ್ಲ ಎಂದಿದ್ದ ಡೊರೊತಿ ಕೊನೆಯ ಗಳಿಗೆಯ ಒತ್ತಾಯಕ್ಕೆ ಹಡಗು ಹತ್ತಿದವರು. 1807ರಲ್ಲಿ ಸಾಯುವವರೆಗೂ ಗುಣವಾಗಲಿಲ್ಲ. ಕೇರಿಯವರ ಹಗ್ಗ ಅಷ್ಟು ಜನ ಹಿಡಿದಿದ್ದರಲ್ಲ, ಈ ತಾಯಿಯ ಹಗ್ಗ ಯಾರ ಕೈಯಲ್ಲಿತ್ತು?

ಆದ್ದರಿಂದ ಮುಂದಿನ ಸೋಮವಾರ ಇಷ್ಟು ಮಾಡೋಣ. ಗ್ರೂಪಿನಲ್ಲಿ ಬಂದ ಒಂದು ಹೆಸರನ್ನು ಆರಿಸಿಕೊಂಡು, ಫೋನ್ ಪಕ್ಕಕ್ಕಿಟ್ಟು, ನಿಜವಾಗಿ ಪ್ರಾರ್ಥಿಸೋಣ. ಆಮೇಲೆ ಅದೇ ಫೋನ್ ತೆಗೆದು ಅವರಿಗೆ ಕರೆ ಮಾಡಿ, "ಅಪ್ಪ ಹೇಗಿದ್ದಾರೆ? ಅಮ್ಮ ಊಟ ಮಾಡಿದರಾ?" ಅಂತ ಕೇಳೋಣ.