ಎನಿಯಾಕ್ ಹಿಂದಿನ ಹೆಣ್ಣುಮಗಳು

‘ಕಂಪ್ಯೂಟರ್’ ಎಂಬುದು ಒಂದು ಕಾಲದಲ್ಲಿ ಯಂತ್ರದ ಹೆಸರಲ್ಲ, ಲೆಕ್ಕ ಹಾಕುವವರ ಹುದ್ದೆಯ ಹೆಸರಾಗಿತ್ತು. ಕೇ ಮೆಕ್‌ನಲ್ಟಿ ಆ ಹುದ್ದೆಯಲ್ಲಿದ್ದವರು.

1921ರಲ್ಲಿ ಐರ್ಲೆಂಡಿನ ಡೊನೆಗಾಲ್‌ನಲ್ಲಿ ಅವರು ಹುಟ್ಟಿದ ರಾತ್ರಿಯೇ, ಸ್ವಾತಂತ್ರ್ಯ ಹೋರಾಟದಲ್ಲಿದ್ದ ತಂದೆ ಸೆರೆಯಾದರು. ಬಿಡುಗಡೆಯಾದದ್ದು ಎರಡು ವರ್ಷಗಳ ನಂತರ. 1924ರಲ್ಲಿ ಕುಟುಂಬ ಅಮೆರಿಕದ ಫಿಲಡೆಲ್ಫಿಯಾಕ್ಕೆ ವಲಸೆ ಹೋಯಿತು. ಐರಿಷ್ ಭಾಷೆಯನ್ನಷ್ಟೇ ಬಲ್ಲ ಆ ಕಲ್ಲುಕೆಲಸಗಾರನ ಮಗಳು 1942ರಲ್ಲಿ ಗಣಿತ ಪದವೀಧರೆಯಾದರು.

ಸೇನೆಗಾಗಿ ಫಿರಂಗಿ ಗುಂಡಿನ ಪಥ ಲೆಕ್ಕ ಹಾಕಲು ಒಂದೊಂದಕ್ಕೂ 30 ಗಂಟೆಗಿಂತ ಹೆಚ್ಚು ಹಿಡಿಯುತ್ತಿತ್ತು. 1945ರಲ್ಲಿ ಎನಿಯಾಕ್ ಗಣಕಕ್ಕೆ ಆ ಕೆಲಸ ಕಲಿಸಲು ಆಯ್ಕೆಯಾದ ಆರು ಮಹಿಳೆಯರಲ್ಲಿ ಕೇ ಒಬ್ಬರು. ಕೈಪಿಡಿಯಿಲ್ಲದೆ, ನಕ್ಷೆಗಳನ್ನು ನೋಡಿಯೇ ಯಂತ್ರವನ್ನು ಅರಿತರು. 1946ರ ಪ್ರದರ್ಶನದಲ್ಲಿ ಯಂತ್ರ ಕೀರ್ತಿ ಪಡೆಯಿತು. ಇವರನ್ನು ಯಾರೂ ಪರಿಚಯಿಸಲಿಲ್ಲ. ಆರು ಮಂದಿಯ ಹೆಸರೂ ಮಹಿಳಾ ತಂತ್ರಜ್ಞರ ಗೌರವಪಟ್ಟಿ ಸೇರಿದ್ದು 1997ರಲ್ಲಿ.