ವಾಸಿಯಾಗದ ಕಾಲಿನ ಹುಣ್ಣಿನಲ್ಲಿ ಶಿಲೀಂಧ್ರವನ್ನೂ ಹುಡುಕಬೇಕು

ಮಳೆಗಾಲದಲ್ಲಿ ಯಲಹಂಕದಲ್ಲಿ ದಿನವಿಡೀ ಒದ್ದೆ ಚಪ್ಪಲಿಯಲ್ಲಿ ದುಡಿಯುವವರ ಬೆರಳ ಸಂದಿಗೆ ಕೆಸರುಹುಣ್ಣು ಬರುವುದು ಹೊಸತಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಆ ಬಿರುಕು ನೋಯುವುದೇ ಇಲ್ಲ. ಕೀವು ಕಂಡಾಗಲೇ ಆಸ್ಪತ್ರೆಯ ನೆನಪು. ಅಲ್ಲಿ ಹುಡುಕಾಟ ಬಹುಮಟ್ಟಿಗೆ ಬ್ಯಾಕ್ಟೀರಿಯಾಕ್ಕೆ ಮಾತ್ರ. ಕಲ್ಚರ್‌ನಲ್ಲಿ ಯೀಸ್ಟ್ ಬೆಳೆದರೂ ಚರ್ಮದ ಮೇಲಿನ ಕಸವೆಂದು ಬದಿಗೆ ತಳ್ಳುವ ರೂಢಿಯಿದೆ. ಈ ರೂಢಿ ಬಿಡಬೇಕೆಂಬುದಕ್ಕೆ ಸಾಕಷ್ಟು ಪುರಾವೆ ಈಗ ಸೇರಿದೆ. ಕೊಚ್ಚಿಯ ಅಮೃತ ಸಂಸ್ಥೆಯವರು 2010ರಲ್ಲಿ 518 ರೋಗಿಗಳ ಗಾಯದ ಆಳದ ಅಂಗಾಂಶ ಪರೀಕ್ಷಿಸಿದಾಗ ಕಾಲು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ಶಿಲೀಂಧ್ರ ಸಿಕ್ಕಿತು. ಮುಂದಿದ್ದದ್ದು ಕ್ಯಾಂಡಿಡಾ ಎಂಬ ಯೀಸ್ಟ್‌ನ ಪ್ರಭೇದಗಳಾದ ಪ್ಯಾರಾಪ್ಸಿಲೋಸಿಸ್ ಮತ್ತು ಟ್ರಾಪಿಕಾಲಿಸ್. ಎಲ್ಲರಿಗೂ ಪರಿಚಿತವಾದ ಆಲ್ಬಿಕಾನ್ಸ್ ಹಿಂದೆ ಬಿದ್ದಿತ್ತು. ಅಮೆರಿಕದಲ್ಲಿ 2016ರಲ್ಲಿ 100 ಮಂದಿಯ ಹುಣ್ಣುಗಳ ಡಿಎನ್‌ಎ ಓದಿದಾಗ ಶೇ. 80ರಷ್ಟು ಗಾಯಗಳಲ್ಲಿ ಶಿಲೀಂಧ್ರದ ಗುರುತು ಸಿಕ್ಕಿತು. ಕಲ್ಚರ್ ಹಿಡಿದದ್ದು ಶೇ. 5ರಷ್ಟನ್ನು ಮಾತ್ರ.

ಸಿಕ್ಕಿದ್ದೆಲ್ಲ ರೋಗಕಾರಕವೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಡಿಎನ್‌ಎ ಗುರುತು ಸತ್ತ ಬೀಜಾಣುವಿನದ್ದೂ ಇರಬಹುದು, ಗಾಳಿಯಿಂದ ಬಂದು ಕುಳಿತದ್ದೂ ಇರಬಹುದು. ಆದರೆ ಆ ಅಮೆರಿಕದ ಅಧ್ಯಯನದಲ್ಲಿ ಎಂಟು ವಾರ ಮೀರಿಯೂ ಮಾಯದ ಹುಣ್ಣುಗಳಲ್ಲೇ ಆಸ್ಕೊಮೈಸೀಟ್ ಶಿಲೀಂಧ್ರಗಳು ಹೆಚ್ಚಿದ್ದವು. ಇದು ಕಾರಣವನ್ನು ಸಾಬೀತು ಮಾಡದು, ಅನುಮಾನವನ್ನು ಬಲಪಡಿಸುತ್ತದೆ. ಕೊಚ್ಚಿಯ ತಂಡವೇ 2012ರಲ್ಲಿ ಶಿಲೀಂಧ್ರನಾಶಕ ಫ್ಲುಕೋನಜೋಲ್ ಸೇರಿಸಿದ ಚಿಕಿತ್ಸೆಯಲ್ಲಿ ಗಾಯ ಬೇಗ ಮಾಗಿತೆಂದು ವರದಿ ಮಾಡಿತು. ಚಿಕ್ಕ ಪ್ರಯೋಗ, ಯಾರಿಗೆ ಯಾವ ಔಷಧವೆಂದು ಎಲ್ಲರಿಗೂ ತಿಳಿದಿತ್ತು. ದೊಡ್ಡದೊಂದು ಪ್ರಯೋಗ ನಡೆಯಬೇಕಿದೆ.

ಹಾಗೆಂದು ಎಲ್ಲರಿಗೂ ಫ್ಲುಕೋನಜೋಲ್ ಬರೆದುಬಿಡುವುದು ಅಪಾಯ. ಕ್ಯಾಂಡಿಡಾ ಕ್ರೂಸಿ ಅದಕ್ಕೆ ಹುಟ್ಟಿನಿಂದಲೇ ಬಗ್ಗುವುದಿಲ್ಲ, ಗ್ಲಾಬ್ರಾಟಾ ಅರ್ಧಂಬರ್ಧ, 2009ರಲ್ಲಿ ಜಪಾನಿನಲ್ಲಿ ಗುರುತಿಸಿದ ಕ್ಯಾಂಡಿಡಾ ಆರಿಸ್ ಬಹುತೇಕ ಪ್ರತಿರೋಧಿ. ಇನ್ನೂ ಮುಖ್ಯವಾದದ್ದು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ನುಂಗುವವರಲ್ಲಿ ಫ್ಲುಕೋನಜೋಲ್ ಯಕೃತ್ತಿನ ಕಿಣ್ವವನ್ನು ತಡೆದು ಸಕ್ಕರೆಯನ್ನು ಅಪಾಯಕ್ಕೆ ಇಳಿಸಬಹುದು. ಸಕ್ಕರೆ ಕಾಯಿಲೆಯವರಿಗೇ ಕೊಡುವ ಔಷಧದಲ್ಲಿ ಇದನ್ನು ಮರೆಯುವಂತಿಲ್ಲ. ಇನ್ನೊಂದು ಶಿಲೀಂಧ್ರನಾಶಕ ಆಂಫೊಟೆರಿಸಿನ್ ಬಿ 1950ರ ದಶಕದಿಂದ ಇದ್ದರೂ ಮೂತ್ರಪಿಂಡಕ್ಕೆ ಭಾರ. ಈ ರೋಗಿಗಳ ಮೂತ್ರಪಿಂಡ ಮೊದಲೇ ಸೋತಿರುವುದುಂಟು.

ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಸತ್ತ ಮಾಂಸ ಕತ್ತರಿಸಿದ ಬಳಿಕ ಹುಣ್ಣಿನ ತಳದಿಂದ ಚೂರು ತೆಗೆದು, ಒಂದು ಭಾಗವನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಡಿ ನೋಡಬೇಕು, ಇನ್ನೊಂದನ್ನು ಸಾಬೂರೋ ಅಗಾರ್ ಮೇಲೆ ಬೆಳೆಸಬೇಕು. ಬಣ್ಣದ ಕ್ರೋಮ್ ಅಗಾರ್‌ನಲ್ಲಿ ಆಲ್ಬಿಕಾನ್ಸ್ ಹಸಿರು, ಟ್ರಾಪಿಕಾಲಿಸ್ ನೀಲಿ. ಔಷಧ ಪರೀಕ್ಷೆಗೆ ಗ್ಲೂಕೋಸ್ ಮತ್ತು ಮಿಥಿಲೀನ್ ಬ್ಲೂ ಬೆರೆಸಿದ ಅಗಾರ್ ಮೇಲೆ ಫ್ಲುಕೋನಜೋಲ್ ಬಿಲ್ಲೆಯಿಟ್ಟು, ಸುತ್ತ ಬೆಳೆಯದ ವೃತ್ತವನ್ನು ಅಳೆದರಾಯಿತು. ಖರ್ಚು ಹೆಚ್ಚೆನ್ನುವವರಿಗೆ 2021ರ ಕಪ್ಪು ಶಿಲೀಂಧ್ರವನ್ನು ನೆನಪಿಸಬೇಕು: ಸಕ್ಕರೆ ಕಾಯಿಲೆಯವರೇ ಹೆಚ್ಚಾಗಿ ಬಲಿಯಾದ ಆ ರೋಗಕ್ಕೆ ಆಂಫೊಟೆರಿಸಿನ್ ಸಿಗದೆ ಬೆಂಗಳೂರೇ ಪರದಾಡಿತು. ಯಲಹಂಕದ ಕ್ಲಿನಿಕ್‌ಗಳಿಂದ ದೂರವಲ್ಲದ ಎಂ.ಎಸ್. ರಾಮಯ್ಯದಂಥ ವೈದ್ಯಕೀಯ ಕಾಲೇಜುಗಳಿಗೆ, ವಾರಗಟ್ಟಲೆ ಆಂಟಿಬಯೋಟಿಕ್ ಕೊಟ್ಟೂ ಮಾಯದ ಗಾಯದ ಚೂರೊಂದನ್ನು ಶಿಲೀಂಧ್ರ ಪರೀಕ್ಷೆ ಎಂದು ಬರೆದೇ ಕಳಿಸಬೇಕು.